ಕೈ ಬೆಚ್ಚಗಿದೆಯಾ ಡಾಕ್ಟ್ರೇ?

ನನ್ನ ಸೋದರಮಾವ ಓದಿದ್ದು ಏಳನೇ ತರಗತಿವರೆಗೆ. ಆದರೆ ಎಂಬಿಬಿಎಸ್ ಕೊನೇ ವರ್ಷದ ಪರೀಕ್ಷೆಗೆ ಅವರು ಐದಾರು ಸಲವಾದರೂ ಹೋಗಿದ್ದಾರೆ. ಕಾರ್ಕಳದಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಹೋಗಿ, ವಾರ್ಡಿನ ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದರೆ ಮುಗಿಯಿತು. ಅಲ್ಲಿ ಅವರ ಹೆಸರು ‘ಕೇಸ್’. ಬಸ್ ಚಾರ್ಜು, ಮಧ್ಯಾಹ್ನದ ಊಟ, ಮೇಲಿಂದ ಸ್ವಲ್ಪ ಕಾಸು ಸಿಗುತ್ತಿತ್ತು. ಮಾವ ಹೋಗುತ್ತಿದ್ದದ್ದು ಕಾಸಿಗಲ್ಲ, ಗತ್ತಿಗೆ. ‘ನಂದು ಮೈತ್ರಿ ಸ್ಟೆನೋಸಿಸ್. ಪರೀಕ್ಷೆಗೆ ಬರಲೇಬೇಕು ಅಂತ ಹೇಳಿಕಳಿಸಿದ್ದಾರೆ’ ಎಂದು ಅಂಗಡಿ ಜಗಲಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು. ಮೈಟ್ರಲ್ ಎಂಬುದು ಅವರ ಬಾಯಲ್ಲಿ ಕೊನೆಯವರೆಗೂ ಮೈತ್ರಿಯೇ.

ಚಿಕ್ಕವರಿದ್ದಾಗ ಗಂಟಲು ಕೆಟ್ಟು, ಅದರ ಬೆನ್ನಿಗೇ ಗಂಟುಗಂಟು ಬಾತು ಬಂದ ಜ್ವರ ಅವರ ಹೃದಯದ ಎಡಬದಿಯ ಕವಾಟವನ್ನು ಹಾಳುಮಾಡಿತ್ತು. ನಾಲ್ಕರಿಂದ ಆರು ಚದರ ಸೆಂಟಿಮೀಟರಿನಷ್ಟು ತೆರೆಯಬೇಕಾದ ಬಾಗಿಲು ದಪ್ಪಗಾಗಿ, ಅಂಚು ಅಂಟಿಕೊಂಡು ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ದೂರದ ಗುಡುಗಿನಂಥ ತಗ್ಗಿದ ಸದ್ದು. ಅದು ಸುಮ್ಮನೆ ಕಿವಿಗೆ ಬೀಳುವುದಲ್ಲ. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಬೇಕು. ಎದೆಬಡಿತ ಬೆರಳಿಗೆ ತಾಗುವ ಜಾಗ ಹುಡುಕಬೇಕು. ಸ್ಟೆತಸ್ಕೋಪಿನ ಅಗಲ ಬಿಲ್ಲೆ ಬಿಟ್ಟು ಚಿಕ್ಕ ಗಂಟೆಯಂಥ ಬದಿಯನ್ನು ಅಲ್ಲಿ ಹಗುರಾಗಿ ಕೂರಿಸಬೇಕು. ಉಸಿರು ಹೊರಗೆ ಬಿಟ್ಟು ಹಾಗೇ ತಡೆಹಿಡಿಯಲು ಹೇಳಬೇಕು. ಗಟ್ಟಿಯಾಗಿ ಒತ್ತಿದಿರೋ, ಸದ್ದು ಮಾಯ.

‘ಕೆಲವು ಮಕ್ಕಳಿಗೆ ಗಾಬರಿ ಮಾರಾಯ. ಎಡಕ್ಕೆ ತಿರುಗಿ ಅಂತ ಹೇಳೂದೇ ಮರೀತಾರೆ. ಆಗ ನಾನೇ ಬೆನ್ನು ತುರಿಸಿದ ಹಾಗೆ ಮಾಡಿ ಎಡಕ್ಕೆ ಹೊರಳ್ತೇನೆ’ ಎಂದು ಮಾವ ನಗುತ್ತಿದ್ದರು. ಪರೀಕ್ಷಕರು ನೋಡಿಯೂ ನೋಡದ ಹಾಗೆ ಇರುತ್ತಿದ್ದರಂತೆ. ಎಷ್ಟು ಹುಡುಗರು ಅವರ ಬೆನ್ನಿನ ತುರಿಕೆಯಿಂದ ಪಾಸಾದರೋ.

ಮೂರು ವಾರಕ್ಕೊಮ್ಮೆ ಚುಚ್ಚಬೇಕಾದ ಪೆನಿಸಿಲಿನ್ ಸೂಜಿಗಾಗಿ ಅವರ ಜೊತೆಗೆ ಹೋಗುತ್ತಿದ್ದವನು ನಾನು. ಆಗ ನನಗೆ ಕಾಲೇಜಿನ ವಯಸ್ಸು. ಒಮ್ಮೆ ಮಾವನ ಮಂಚದ ಸುತ್ತ ಏಳೆಂಟು ವಿದ್ಯಾರ್ಥಿಗಳು, ನಡುವೆ ಅವರ ಮೆಡಿಸಿನ್ ಮೇಷ್ಟ್ರು. ಮಳೆಗಾಲ, ಕಿಟಕಿಯಿಂದ ಥಂಡಿ. ಒಬ್ಬ ಹುಡುಗ ಬಂದವನೇ ಎದೆಗೆ ಕೈ ಇಟ್ಟ. ಮಾವ ಬೆಚ್ಚಿ ಮುದುಡಿಕೊಂಡರು. ಮೇಷ್ಟ್ರು ಬೈಯಲಿಲ್ಲ. ಹುಡುಗನ ಎರಡೂ ಕೈ ಹಿಡಿದು ಅವನದೇ ಕೆನ್ನೆಗೆ ಒತ್ತಿದರು. ಅವನೂ ಬೆಚ್ಚಿದ. ಆಮೇಲೆ ತಮ್ಮ ಅಂಗೈಗಳನ್ನು ತಿಕ್ಕಿ ತೋರಿಸಿ, ಎಲ್ಲರೂ ತಿಕ್ಕುವವರೆಗೂ ಸುಮ್ಮನೆ ನಿಂತರು. ವಾರ್ಡಿನಲ್ಲಿ ಒಂದಷ್ಟು ಹೊತ್ತು ಅಂಗೈ ತಿಕ್ಕುವ ಸದ್ದು ಬಿಟ್ಟರೆ ಬೇರೆ ಇಲ್ಲ. ಅಂದಿನ ಪಾಠ ಅಷ್ಟೇ ಇದ್ದಿರಬಹುದು ಎಂದು ಈಗ ಅನಿಸುತ್ತದೆ; ಮುಂದಿನ ಮುಕ್ಕಾಲು ಗಂಟೆ ಅವರು ಹೇಳಿದ್ದೊಂದೂ ನನಗೆ ನೆನಪಿಲ್ಲ.

‘ಕ್ಲಿನಿಕಲ್ ಸ್ಕಿಲ್ಸ್’ ಎಂದು ವೈದ್ಯಕೀಯ ಕಾಲೇಜುಗಳಲ್ಲಿ ಹೇಳುವುದು ಇದನ್ನೇ. ರೋಗಿಯನ್ನು ಮಾತಾಡಿಸುವುದು, ನೋಡುವುದು, ಮುಟ್ಟುವುದು, ಬೆರಳಿನಿಂದ ತಟ್ಟುವುದು, ಕೇಳಿಸಿಕೊಳ್ಳುವುದು. ಜೊತೆಗೆ ಸೂಜಿ ಚುಚ್ಚುವುದು, ಹೊಲಿಗೆ ಹಾಕುವುದು, ನಿಂತ ಉಸಿರನ್ನು ಮರಳಿಸುವುದು. ಪುಸ್ತಕದಲ್ಲಿ ಎಲ್ಲವೂ ಇದೆ. ಆದರೆ ಈಜು ಪುಸ್ತಕದಲ್ಲಿದ್ದರೇನು ಬಂತು, ನೀರಿಗೆ ಇಳಿಸುವವರು ಬೇಕು.

ತಟ್ಟಿ ನೋಡುವುದನ್ನೇ ತೆಗೆದುಕೊಳ್ಳಿ. ಎಡಗೈಯ ನಡುಬೆರಳನ್ನು ಎದೆಗೆ ಒತ್ತಿಟ್ಟು, ಅದರ ಮೇಲೆ ಬಲಗೈಯ ನಡುಬೆರಳಿನಿಂದ ಮಣಿಕಟ್ಟಷ್ಟೇ ಆಡಿಸಿ ಕುಟ್ಟಬೇಕು. ಗಾಳಿ ತುಂಬಿದ ಶ್ವಾಸಕೋಶ ಒಂದು ನಾದ ಕೊಡುತ್ತದೆ, ಯಕೃತ್ತು ಇನ್ನೊಂದು, ನೀರು ತುಂಬಿದ ಎದೆ ಕಲ್ಲು ಬಡಿದ ಹಾಗೆ. 1761ರಲ್ಲಿ ಎದೆ ತಟ್ಟಿ ರೋಗ ಅರಿಯುವುದನ್ನು ಬರೆದಿಟ್ಟವನು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ. ಅವನ ಅಪ್ಪ ಛತ್ರ ನಡೆಸುತ್ತಿದ್ದ. ಪೀಪಾಯಿಯಲ್ಲಿ ವೈನ್ ಎಷ್ಟು ಉಳಿದಿದೆ ಎಂದು ತಟ್ಟಿ ನೋಡುವ ಅಭ್ಯಾಸದಿಂದ ಹುಡುಗನಿಗೆ ಇದು ಹೊಳೆಯಿತು ಎನ್ನುತ್ತಾರೆ. ನಮ್ಮವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಹಲಸಿನಕಾಯಿ ಬೆಳೆದಿದೆಯೋ ಇಲ್ಲವೋ ಎಂದು ಮರದ ಬುಡದಲ್ಲಿ ನಿಂತು ಕತ್ತಿಯ ಹಿಡಿಯಿಂದ ತಟ್ಟಿ ಹೇಳುವ ಅಜ್ಜಿಯಂದಿರು ಕಾರ್ಕಳದ ಮನೆಮನೆಯಲ್ಲಿದ್ದರು. ಅಜ್ಜಿಗೆ ಅದನ್ನು ಯಾರು ಕಲಿಸಿದರು? ಅವಳ ಅತ್ತೆ ಪಕ್ಕದಲ್ಲಿ ನಿಂತು ತಟ್ಟಿದ್ದನ್ನು ಕೇಳಿ ಕಲಿತಳು. ವೈದ್ಯರೂ ಹಾಗೆಯೇ ಕಲಿಯುತ್ತಾರೆ. ಬೇರೆ ದಾರಿ ಇನ್ನೂ ಸಿಕ್ಕಿಲ್ಲ.

ಈ ಕಲಿಕೆ ನಮ್ಮ ಜಿಲ್ಲೆಗೆ ಬಂದ ಕಥೆ ಬಹಳ ಮಂದಿಗೆ ಅರ್ಧ ಮಾತ್ರ ಗೊತ್ತು. ಮದರಾಸಿನಲ್ಲಿ ವೈದ್ಯಕೀಯ ಓದಿ ಉಡುಪಿಯಲ್ಲಿ ಪ್ರಾಕ್ಟೀಸಿಗೆ ಕೂತ ಡಾ. ಟಿ.ಎಂ.ಎ. ಪೈ 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ್ದು, 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ್ದು ಎಲ್ಲರಿಗೂ ಬಾಯಿಪಾಠ. ವಿದ್ಯಾರ್ಥಿಗಳ ಶುಲ್ಕದ ಬಲದಲ್ಲೇ ನಡೆಯುವ ಮೆಡಿಕಲ್ ಕಾಲೇಜಿನ ಮಾದರಿ ದೇಶಕ್ಕೆ ಹರಡಿದ್ದು ಇಲ್ಲಿಂದ. ಆ ಮಾದರಿಯ ಒಳಿತು ಕೆಡುಕಿನ ಚರ್ಚೆ ಇನ್ನೊಂದು ದಿನಕ್ಕಿರಲಿ. ಹೆಚ್ಚಿನವರು ಮರೆತದ್ದು ಬೇರೆ: ಆಗ ಗುಡ್ಡದ ಮೇಲೆ ಕಾಲೇಜಿತ್ತು, ದೊಡ್ಡ ಆಸ್ಪತ್ರೆ ಇರಲಿಲ್ಲ. ಹೆಣ ಕೊಯ್ದು ಕಲಿಯುವ ವರ್ಷಗಳು ಮಣಿಪಾಲದಲ್ಲಿ. ಜೀವಂತ ರೋಗಿಯ ಹತ್ತಿರ ಕಲಿಯುವ ವರ್ಷಗಳಿಗೆ ಅರುವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ, ಸರ್ಕಾರಿ ವೆನ್ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆಗಳಿಗೆ ಹೋಗಬೇಕಿತ್ತು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ. ಖಾಸಗಿ ಕಾಲೇಜಿನ ಮೊದಲ ಡಾಕ್ಟರುಗಳಿಗೆ ಕೈ ತಿದ್ದಿಸಿದವರು ಸರ್ಕಾರಿ ಆಸ್ಪತ್ರೆಯ ಬಡರೋಗಿಗಳು. ಈಗ ಎರಡು ಸಾವಿರಕ್ಕೂ ಮಿಕ್ಕಿ ಹಾಸಿಗೆಗಳಿರುವ ಆಸ್ಪತ್ರೆ, ಉಡುಪಿಯಲ್ಲಿ, ಕಾರ್ಕಳದಲ್ಲಿ ಟಿ.ಎಂ.ಎ. ಪೈ ಹೆಸರಿನ ಆಸ್ಪತ್ರೆಗಳು, ಕರಾವಳಿಯ ಉದ್ದಕ್ಕೆ ಊರುಗಳಲ್ಲಿ ತಾಯಿ-ಮಕ್ಕಳ ಆರೈಕೆಯ ಕೇಂದ್ರಗಳು. ಎಲ್ಲವೂ ಆಸ್ಪತ್ರೆಗಳು ಹೇಗೋ ಹಾಗೆ ತರಗತಿಗಳೂ ಹೌದು.

ಮಂಗಳೂರಿನ ಆ ವಾರ್ಡುಗಳಲ್ಲಿ ದಶಕಗಟ್ಟಲೆ ಕಲಿಸಿದವರ ಪೈಕಿ ನಾಡಿಗೆಲ್ಲ ಪರಿಚಯದ ಹೆಸರು ಡಾ. ಬಿ.ಎಂ. ಹೆಗ್ಡೆ. ಹುಟ್ಟಿದ್ದು 1938ರಲ್ಲಿ, ಕಾಪುವಿನ ಬಗಲಲ್ಲೇ ಇರುವ ಪಾಂಗಾಳದಲ್ಲಿ. ಮದರಾಸಿನ ಸ್ಟಾನ್ಲಿ ಕಾಲೇಜಿನಲ್ಲಿ ಎಂಬಿಬಿಎಸ್, ಲಖನೌದಲ್ಲಿ ಎಂಡಿ, ಆಮೇಲೆ ಇಂಗ್ಲೆಂಡು, ಅಮೆರಿಕ. ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಸಿನ್ ಪ್ರಾಧ್ಯಾಪಕ, ಡೀನ್. ಕೊನೆಗೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿ. 2010ರಲ್ಲಿ ಪದ್ಮಭೂಷಣ, 2021ರಲ್ಲಿ ಪದ್ಮವಿಭೂಷಣ. ಆಧುನಿಕ ವೈದ್ಯವನ್ನು ಟೀಕಿಸುವ ಭರದಲ್ಲಿ ಅವರು ಬರೆದ, ಹೇಳಿದ ಎಲ್ಲವನ್ನೂ ವೈದ್ಯಲೋಕ ಒಪ್ಪಿಲ್ಲ. ನನಗೂ ಕೆಲವು ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಯಂತ್ರಕ್ಕಿಂತ ಮೊದಲು ರೋಗಿಯ ಮಾತು ಕೇಳಿ ಎಂದು ಅವರು ಹಿಡಿದ ಹಟಕ್ಕೆ ಗಟ್ಟಿ ಆಧಾರವಿದೆ. 1975ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹೊಸದಾಗಿ ಬಂದ 80 ರೋಗಿಗಳಲ್ಲಿ 66 ಮಂದಿಯ ಕಾಯಿಲೆ ಏನೆಂಬುದು ಅವರನ್ನು ಕಳಿಸಿದ ವೈದ್ಯರ ಪತ್ರ ಓದಿ, ಅವರ ಕಥೆ ಕೇಳಿದಾಗಲೇ ಸರಿಯಾಗಿ ಗೊತ್ತಾಗಿತ್ತು. ಮೈ ಪರೀಕ್ಷೆಯಿಂದ ಉಪಕಾರವಾದದ್ದು 7 ಜನರಿಗೆ, ಲ್ಯಾಬಿನಿಂದ ಇನ್ನೊಂದು 7 ಜನರಿಗೆ. ಅರ್ಧ ಶತಮಾನದ ಹಿಂದಿನ ಲೆಕ್ಕ, ನಿಜ. ಸ್ಕ್ಯಾನಿಂಗ್ ಆಗ ಈ ಪರಿ ಇರಲಿಲ್ಲ. ಆದರೂ ಯಾವ ಸ್ಕ್ಯಾನ್ ಬೇಕು ಎಂದು ನಿರ್ಧರಿಸಲು ಮೊದಲು ಕಥೆಯೇ ಕೇಳಬೇಕಲ್ಲ.

ಹೆಗ್ಡೆಯವರ ಗುರುಗಳಲ್ಲೊಬ್ಬರು ಹಾರ್ವರ್ಡಿನ ಹೃದಯತಜ್ಞ ಬರ್ನಾರ್ಡ್ ಲೌನ್. ಲೌನ್‌ರ ಗುರು ಸ್ಯಾಮ್ಯುಯೆಲ್ ಲೆವಿನ್. ಎದೆನೋವಿನ ರೋಗಿ ‘ಎಲ್ಲಿ ನೋವು’ ಎಂದರೆ ಬೆರಳು ತೋರಿಸದೆ ಮುಷ್ಟಿ ಬಿಗಿದು ಎದೆಗೆ ಒತ್ತಿ ಹಿಡಿಯುತ್ತಾನೆ. ಹೃದಯಾಘಾತದ ಆ ಸುಳಿವಿಗೆ ಇವತ್ತೂ ಲೆವಿನ್ನರದೇ ಹೆಸರು. ಬಾಸ್ಟನ್ನಿನ ಆ ಮುಷ್ಟಿಯನ್ನು ನಾನು ಕಾಪು ಪೇಟೆಯಲ್ಲಿ ನೋಡಿದ್ದೇನೆ. ಮೀನಿನ ಬುಟ್ಟಿ ಇಳಿಸಿ ಕೂತ ಹೆಂಗಸೊಬ್ಬಳು ಎದೆಯ ನಡುವೆ ಮುಷ್ಟಿ ಇಟ್ಟುಕೊಂಡು ‘ಎಂತ ಇಲ್ಲ, ಗ್ಯಾಸ್’ ಎನ್ನುತ್ತಿದ್ದಳು. ಕರಾವಳಿಯಲ್ಲಿ ಎದೆನೋವೆಲ್ಲ ಗ್ಯಾಸೇ. ಬಾಯಿ ಗ್ಯಾಸ್ ಎನ್ನುವಾಗ ಕೈ ಏನು ಹೇಳುತ್ತಿದೆ ಎಂದು ನೋಡಲು ಕಲಿತ ಡಾಕ್ಟರು ಅಲ್ಲಿಯೇ ಇಸಿಜಿಗೆ ಕಳಿಸುತ್ತಾರೆ. ಕಲಿಯದವರು ಸೋಡಾ ಕುಡಿಯಲು ಹೇಳುತ್ತಾರೆ. ಲೆವಿನ್, ಲೌನ್, ಹೆಗ್ಡೆ, ಅವರ ಕೈಕೆಳಗೆ ಕಲಿತವರು, ಅವರ ವಿದ್ಯಾರ್ಥಿಗಳು. ಯಕ್ಷಗಾನದ ತಿಟ್ಟುಗಳ ಹಾಗೆ ಇದಕ್ಕೂ ಒಂದು ಗುರುಪರಂಪರೆ ಇದೆ. ಹೆಜ್ಜೆ ನೋಡಿ ಯಾರ ಶಿಷ್ಯ ಎಂದು ಹೇಳುವ ಹಾಗೆ, ಹೊಟ್ಟೆ ಮುಟ್ಟುವ ರೀತಿ ನೋಡಿ ‘ಇವ ಇಂಥವರ ಯೂನಿಟ್ಟಿನವ’ ಎಂದು ಗುರುತಿಸುವ ಹಳೇ ನರ್ಸುಗಳಿದ್ದಾರೆ.

ಹೊಟ್ಟೆ ಮುಟ್ಟುವಾಗ ಕಣ್ಣು ಎಲ್ಲಿರಬೇಕು? ಹೊಸಬರು ತಮ್ಮ ಕೈಯನ್ನೇ ನೋಡುತ್ತಾರೆ. ಬಲ್ಲವರು ರೋಗಿಯ ಮುಖ ನೋಡುತ್ತಾರೆ. ನೋವು ಮೊದಲು ಕಾಣುವುದು ಹುಬ್ಬಿನಲ್ಲಿ. ನೋವಿನ ಜಾಗವನ್ನು ಕೊನೆಗೆ ಮುಟ್ಟಬೇಕು. ಇಂಥ ಸಣ್ಣಸಣ್ಣ ಗುಟ್ಟುಗಳೇ ಈ ಉದ್ಯೋಗದ ಬಂಡವಾಳ.

ಇನ್ನು ಊರಿಗೆ ತಕ್ಕ ಗುಟ್ಟುಗಳಿವೆ. ಉಡುಪಿ ಜಿಲ್ಲೆಯಲ್ಲಿ ಮಳೆ ಹಿಡಿದು ಗದ್ದೆಗೆ ನೇಜಿ ನೆಡುವ ಹೊತ್ತಿಗೆ ಇಲಿಜ್ವರ ಬರುತ್ತದೆ. ಇಲಿ ಉಚ್ಚೆ ಸೇರಿದ ನೀರಲ್ಲಿ ಬರಿಗಾಲಲ್ಲಿ ನಿಂತವರಿಗೆ, ಕಾಲಿನ ಸಣ್ಣ ಗಾಯದಿಂದಲೂ ರೋಗಾಣು ಒಳಗೆ ನುಗ್ಗುತ್ತದೆ. ಜ್ವರ, ಮೈಕೈ ನೋವು. ಡೆಂಗಿಯೂ ಹೀಗೇ, ಮಲೇರಿಯಾವೂ ಹೀಗೇ. ಆದರೆ ಮೀನಖಂಡವನ್ನು ಮೆಲ್ಲಗೆ ಹಿಸುಕಿದರೆ ಇಲಿಜ್ವರದವರು ಕಿರುಚಿಕೊಳ್ಳುವುದುಂಟು. ಕಣ್ಣು ಕೆಂಪಗಾಗಿರುತ್ತದೆ, ಆದರೆ ಪಿಸುರು ಇರುವುದಿಲ್ಲ. ಮತ್ತೆ ಕೇಳಬೇಕಾದ ಪ್ರಶ್ನೆ: ಹೋದ ವಾರ ಗದ್ದೆಗೆ ಇಳಿದಿದ್ದೀರಾ? ತೋಟದಲ್ಲಿ ಕೆಲಸ ಇತ್ತಾ? ರಕ್ತ ಪರೀಕ್ಷೆಯ ವರದಿ ಬರುವ ಮೊದಲೇ ಔಷಧಿ ಶುರುವಾಗಬೇಕಾದ ಕಾಯಿಲೆ ಇದು. ತಡವಾದರೆ ಕಿಡ್ನಿ, ಯಕೃತ್ತು, ಶ್ವಾಸಕೋಶ ಒಂದೊಂದಾಗಿ ಕೈಕೊಡುತ್ತವೆ. ದಿಲ್ಲಿಯಿಂದ ಬಂದ ವಿದ್ಯಾರ್ಥಿಗೆ ನೇಜಿ ಎಂದರೇನು ಎಂಬುದರಿಂದ ಪಾಠ ಶುರು ಮಾಡಬೇಕಾಗುತ್ತದೆ.

ಹಾಗೇ ಸ್ಕ್ರಬ್ ಟೈಫಸ್. ಪೊದೆಯಲ್ಲಿರುವ ಕಣ್ಣಿಗೆ ಕಾಣದಂಥ ಹುಳ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಅದು ಇರುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಸ್ತನದ ಕೆಳಗೆ. ಸೀರೆ ಉಟ್ಟು ಮುದುಡಿ ಕೂತ ಅಜ್ಜಿಯ ಮೈಯಲ್ಲಿ ಅದನ್ನು ಹುಡುಕುವುದು ಹೇಗೆ? ಪರದೆ ಎಳೆಯಬೇಕು, ನರ್ಸಮ್ಮನನ್ನು ಕರೆಯಬೇಕು, ಯಾಕೆ ನೋಡಬೇಕು ಎಂದು ಅಜ್ಜಿಗೆ ಹೇಳಬೇಕು, ಅವರು ‘ಆಯ್ತು ಮಗಾ’ ಎನ್ನುವವರೆಗೆ ಕಾಯಬೇಕು. ಹುಳ ಕಚ್ಚಿದ ಗುರುತು ಹುಡುಕಲು ಎರಡು ನಿಮಿಷ; ಅದಕ್ಕೆ ಒಪ್ಪಿಸಲು ಹತ್ತು ನಿಮಿಷ. ಕೌಶಲ ಇರುವುದು ಆ ಹತ್ತು ನಿಮಿಷದಲ್ಲಿ.

ಹಾವು ಕಚ್ಚಿದವರಿಗೆ ಮಾಡುವ ಒಂದು ಪರೀಕ್ಷೆಯಂತೂ ನನಗೆ ಬಹಳ ಇಷ್ಟ. ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಕಚ್ಚಿದರೆ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ರೋಗಿಯ ಎರಡು ಎಂಎಲ್ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ಓರೆ ಮಾಡಬೇಕು. ಗಟ್ಟಿಯಾಗದೆ ಹರಿದರೆ ವಿಷ ಏರಿದೆ ಎಂದರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಆಗದು, ಸೋಪಿನಲ್ಲಿ ತೊಳೆದದ್ದಾದರೂ ಆಗದು. ತಪ್ಪು ಉತ್ತರ ಬರುತ್ತದೆ. ಒಂದು ಗಾಜಿನ ಟ್ಯೂಬು, ಒಂದು ವಾಚು, 20 ನಿಮಿಷದ ತಾಳ್ಮೆ. ಕಾರ್ಕಳದ ಒಳಗಿನ ಯಾವ ಹಳ್ಳಿಯ ಆಸ್ಪತ್ರೆಯಲ್ಲೂ ಆಗುವ ಕೆಲಸ. ಆದರೆ ನಡುನಡುವೆ ಎತ್ತಿ ಎತ್ತಿ ನೋಡುವ ಚಪಲವನ್ನು ಬಿಡಿಸುವುದು ಮೇಷ್ಟ್ರಿಗೆ ಸುಲಭವಲ್ಲವಂತೆ.

ಭಾಷೆಯ ಸಂಗತಿ ಹೇಳದಿದ್ದರೆ ಇದು ಉಡುಪಿಯ ಕಥೆಯೇ ಅಲ್ಲ. ಇಲ್ಲಿ ರೋಗಿ ತುಳು ಮಾತಾಡಬಹುದು, ಕೊಂಕಣಿ ಮಾತಾಡಬಹುದು, ಬ್ಯಾರಿ ಮಾತಾಡಬಹುದು, ಕುಂದಾಪ್ರ ಕನ್ನಡ ಮಾತಾಡಬಹುದು. ವಿದ್ಯಾರ್ಥಿ ಎಲ್ಲಿಯವನೂ ಆಗಿರಬಹುದು. ‘ಓಲು ಬೇನೆ?’, ‘ಏತ್ ದಿನ ಆಂಡ್?’ ಎಂದು ಎರಡು ಪ್ರಶ್ನೆ ಬಾಯಿಪಾಠ ಮಾಡಿ ಬರುತ್ತಾರೆ. ಎಲ್ಲಿ ನೋವು, ಎಷ್ಟು ದಿನ ಆಯಿತು. ಕೇಳುವುದು ಸುಲಭ, ಉತ್ತರ ಬರಲು ಶುರುವಾದರೆ ಕಷ್ಟ. ತನ್ನ ಭಾಷೆಯಲ್ಲಿ ಕೇಳಿದನೆಂಬ ಖುಷಿಗೆ ಅಜ್ಜಿ ಮಗಳ ಮದುವೆಯಿಂದ ಕಥೆ ಎತ್ತಿಕೊಳ್ಳುತ್ತಾರೆ. ‘ಉಷ್ಣ ಆಗಿದೆ’ ಎಂದರೆ ಉರಿಮೂತ್ರವೂ ಆಗಬಹುದು, ಬಾಯಿಹುಣ್ಣೂ ಆಗಬಹುದು. ಕಾಮಾಲೆಯವರು ಮೊದಲೇ ಹಳ್ಳಿಮದ್ದು ಕುಡಿದು ಬಂದಿರುತ್ತಾರೆ. ‘ಮದ್ದು ತಕೊಂಡಿದ್ದೀರಾ’ ಎಂದರೆ ಇಲ್ಲ ಎನ್ನುತ್ತಾರೆ, ಯಾಕೆಂದರೆ ಡಾಕ್ಟರು ಕೇಳುವುದು ಇಂಗ್ಲಿಷ್ ಮದ್ದಿನ ವಿಷಯ ಎಂದು ಅವರ ಲೆಕ್ಕ. ಕಾರ್ಕಳದ ಹೆಂಗಸಿಗೆ ‘ಏನು ಕೆಲಸ’ ಎಂದರೆ ‘ಕೆಲಸ ಎಂತದೂ ಇಲ್ಲ, ಮನೆಯಲ್ಲೇ’ ಎಂಬ ಉತ್ತರ. ಸರಿಯಾಗಿ ಕೇಳಲು ಬಲ್ಲವರು ‘ಬೀಡಿ ಕಟ್ತೀರಾ ಅಮ್ಮ?’ ಎನ್ನುತ್ತಾರೆ. ಆಗ ಗೊತ್ತಾಗುತ್ತದೆ, ಮೂವತ್ತು ವರ್ಷದಿಂದ ಹೊಗೆಸೊಪ್ಪಿನ ಧೂಳು ಮೂಗಿಗೆ ಹೋಗುತ್ತಿದೆ, ಬೆನ್ನು ಬಾಗಿ ಕೂತೇ ಇದೆ. ವೈದ್ಯಕೀಯ ಕಾಲೇಜಿಗೆ ಸೇರಿದವರಿಗೆ ಮೊದಲ ದಿನಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕೆಂದು 2019ರ ಹೊಸ ಪಠ್ಯಕ್ರಮ ಹೇಳಿದೆ. ಒಳ್ಳೆಯದಾಯಿತು. ಆದರೆ ಬೀಡಿಯ ಪ್ರಶ್ನೆ ಯಾವ ಭಾಷಾ ತರಗತಿಯಲ್ಲೂ ಬರುವುದಿಲ್ಲ. ಅದನ್ನು ವಾರ್ಡಿನ ಮೇಷ್ಟ್ರೇ ಕಲಿಸಬೇಕು.

ಅದೇ ಪಠ್ಯಕ್ರಮ ಪ್ರತಿ ಕಾಲೇಜಿಗೂ ಕೌಶಲ ಪ್ರಯೋಗಾಲಯ, ಅಂದರೆ ಸ್ಕಿಲ್ ಲ್ಯಾಬ್, ಬೇಕೆಂದಿತು. ಸ್ನೇಹಿತರೊಬ್ಬರ ಕೃಪೆಯಿಂದ ಅಂಥದ್ದೊಂದರ ಒಳಗೆ ಹೋಗಿ ಬಂದೆ. ಮಂಚದ ಮೇಲೆ ಗೊಂಬೆಗಳು. ಕೆಲವು ಉಸಿರಾಡುತ್ತವೆ, ಕೆಲವು ಹೆರುತ್ತವೆ. ನನ್ನ ಕೈಯಿಂದಲೂ ಒಂದು ಗೊಂಬೆಯ ಎದೆ ಒತ್ತಿಸಿದರು: ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಒಂದು ನಿಮಿಷಕ್ಕೆ ಬೆವರು ಇಳಿಯಿತು. ನಿಂತ ಉಸಿರನ್ನು ಮರಳಿಸುವುದನ್ನು ಕಲಿಸುವ ಗೊಂಬೆಯನ್ನು 1960ರಲ್ಲಿ ಮಾಡಿದ್ದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್. ಹೃದಯದ ಸದ್ದುಗಳನ್ನೆಲ್ಲ ಕೇಳಿಸುವ ‘ಹಾರ್ವಿ’ ಎಂಬ ಗೊಂಬೆ ಬಂದದ್ದು 1968ರಲ್ಲಿ, ಅಮೆರಿಕದ ಮಯಾಮಿಯಲ್ಲಿ. ಅದರಲ್ಲಿ ನನ್ನ ಮಾವನ ಮೈತ್ರಿ ಸ್ಟೆನೋಸಿಸ್ಸೂ ಇದೆ. ಗುಂಡಿ ಒತ್ತಿದರೆ ಸಾಕು, ಬಸ್ ಚಾರ್ಜು ಬೇಡ.

ಗೊಂಬೆಯನ್ನು ಹೀಗಳೆಯುವವನು ನಾನಲ್ಲ. ಮೊದಲ ಸೂಜಿಯನ್ನು ಬಡವರ ಕೈಗೆ ಚುಚ್ಚಿ ಕಲಿಯುವ ಕಾಲ ಹೋದದ್ದು ಒಳ್ಳೆಯದೇ. ಗೊಂಬೆಗೆ ನೂರು ಸಲ ಚುಚ್ಚಬಹುದು, ನೂರು ಸಲ ತಪ್ಪಬಹುದು. ಅಲ್ಲಿ ಕಲಿಸುವ ಕ್ರಮವೂ ಚೆನ್ನಾಗಿದೆ. ಮೇಷ್ಟ್ರು ಮೊದಲು ತುಟಿಪಿಟಕ್ಕೆನ್ನದೆ ಪೂರ್ತಿ ಕೆಲಸ ಮಾಡಿ ತೋರಿಸುತ್ತಾರೆ. ಎರಡನೇ ಸಲ ನಿಧಾನವಾಗಿ ವಿವರಿಸುತ್ತಾ. ಮೂರನೇ ಸಲ ವಿದ್ಯಾರ್ಥಿ ಹೇಳಿದಂತೆ ಮೇಷ್ಟ್ರು ಮಾಡುತ್ತಾರೆ. ನಾಲ್ಕನೆಯದು ವಿದ್ಯಾರ್ಥಿಯ ಸರದಿ. ನಾಲ್ಕರಲ್ಲಿ ಮೂರನೆಯದೇ ಜಾಣತನದ ಮೆಟ್ಟಿಲು. ಬಾಯಲ್ಲಿ ಹೇಳಲು ತಡವರಿಸಿದರೆ ಕೈಗೆ ಕೆಲಸ ಇನ್ನೂ ಇಳಿದಿಲ್ಲ ಎಂದು ಅಲ್ಲೇ ತಿಳಿಯುತ್ತದೆ. ಪರೀಕ್ಷೆಯೂ ಬದಲಾಗಿದೆ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ತೋರಿಸಿದ ‘ಆಸ್ಕಿ’ ಪದ್ಧತಿಯಲ್ಲಿ ಗಂಟೆ ಬಾರಿಸಿದ ಕೂಡಲೇ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬೇಕು. ಒಂದರಲ್ಲಿ ಬಿಪಿ ನೋಡುವುದು, ಇನ್ನೊಂದರಲ್ಲಿ ಕೆಟ್ಟ ಸುದ್ದಿ ಹೇಳುವುದು, ಹೀಗೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕಪಟ್ಟಿ. ಅದೂ 1975ರಲ್ಲಿ, ಅದೇ ಬ್ರಿಟಿಷ್ ಪತ್ರಿಕೆಯಲ್ಲಿ ಬಂದದ್ದು. ಪರೀಕ್ಷಕರ ಮರ್ಜಿ, ಕೇಸಿನ ಅದೃಷ್ಟ ಎರಡೂ ಇಲ್ಲ. ಬೆನ್ನು ತುರಿಸಿಕೊಳ್ಳುವ ಮಾವಂದಿರ ಸಹಾಯವೂ ಇಲ್ಲ.

ಗೊಂಬೆಯಲ್ಲಿ ಇಲ್ಲದ್ದು ಒಂದೇ. ಅದಕ್ಕೆ ಥಂಡಿ ಕೈ ತಾಗುವುದಿಲ್ಲ.

ಹಾಗಿದ್ದರೆ ವಾರ್ಡಿನಲ್ಲಿ ನಿಂತು ಕಲಿಸುವವರ ಸಂತತಿ ಯಾಕೆ ಕಮ್ಮಿಯಾಗುತ್ತಿದೆ? ಇದರಲ್ಲಿ ನನ್ನ ತೀರ್ಪು ನಿಷ್ಠುರವಾಗಿಯೇ ಇದೆ. ಮೆಡಿಕಲ್ ಕಾಲೇಜಿನಲ್ಲಿ ಬಡ್ತಿಗೆ ಲೆಕ್ಕ ಹಿಡಿಯುವುದು ಪ್ರಕಟವಾದ ಲೇಖನಗಳನ್ನು. ಮಂಚದ ಪಕ್ಕ ಒಂದು ಗಂಟೆ ನಿಂತು ಇಪ್ಪತ್ತು ವರ್ಷ ಕಲಿಸಿದ್ದಕ್ಕೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ಅದೇ ಹೊತ್ತಿನಲ್ಲಿ ಖಾಸಗಿ ಪ್ರಾಕ್ಟೀಸಿಗೆ ಕೂತರೆ ಎಷ್ಟು ಆದಾಯವೋ ಅವರೇ ಹೇಳಬೇಕು. ಆ ಕಡೆ ವಿದ್ಯಾರ್ಥಿಗೂ ಪುರುಸೊತ್ತಿಲ್ಲ. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್ ಆಗಿ ವಾರ್ಡಿನಲ್ಲಿ ಕೈ ಪಳಗಿಸಬೇಕಾದ ಹೊತ್ತಿಗೆ ನೀಟ್-ಪಿಜಿ ಎದುರು ನಿಂತಿರುತ್ತದೆ. ಅಲ್ಲಿ ಕೇಳುವುದು ನಾಲ್ಕರಲ್ಲಿ ಒಂದು ಆರಿಸುವ 200 ಪ್ರಶ್ನೆ. ಯಾವ ಪ್ರಶ್ನೆಯೂ ರೋಗಿಯನ್ನು ಮುಟ್ಟಲು ಹೇಳುವುದಿಲ್ಲ. ಬುದ್ಧಿವಂತ ಹುಡುಗ ಏನು ಮಾಡುತ್ತಾನೆ? ಲೈಬ್ರರಿಗೆ ಹೋಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಪರೀಕ್ಷೆ ಅಳೆಯದ್ದನ್ನು ಕಲಿಯಲು ಯಾವ ಕಾಲದ ಮಕ್ಕಳೂ ಮುಂದೆ ಬಂದದ್ದಿಲ್ಲ.

ಇದರ ಬೆಲೆ ತೆರುವವರು ನಾವು. ಐದು ನಿಮಿಷದ ಮಾತು ಉಳಿಸಿಕೊಂಡ ಡಾಕ್ಟರು ಐದು ಪರೀಕ್ಷೆ ಬರೆದುಕೊಡುತ್ತಾರೆ. ನನಗೇ ಒಮ್ಮೆ ಹೀಗಾಯಿತು. ಆಸ್ಪತ್ರೆ ಯಾವುದು ಎಂಬುದು ಇಲ್ಲಿ ಬೇಡ. ಭುಜ ನೋವೆಂದು ಹೋದವನನ್ನು ಮುಟ್ಟದೆಯೇ ಎಂಆರ್‌ಐಗೆ ಕಳಿಸಿದರು. ವರದಿಯಲ್ಲಿ ಏನೋ ನಾಲ್ಕು ಸಾಲು ಇತ್ತು. ಹದಿನೈದು ದಿನವಾದ ಮೇಲೆ ಮೈಮೇಲೆ ಬೊಕ್ಕೆ ಎದ್ದಾಗ ನಮ್ಮೂರಿನ ಹಳೇ ಡಾಕ್ಟರು ಅಂಗಿ ಬಿಚ್ಚಿಸಿ ನೋಡಿ ‘ಇದು ಸರ್ಪಸುತ್ತು ಮಾರಾಯ್ರೆ’ ಎಂದರು. ಬೊಕ್ಕೆ ಏಳುವ ಮೊದಲು ಅವರಿಗೂ ಗೊತ್ತಾಗುತ್ತಿತ್ತೋ ಇಲ್ಲವೋ, ಹೇಳಲಾರೆ. ಅಂಗಿ ಬಿಚ್ಚಿಸುತ್ತಿದ್ದರು ಎಂಬುದು ಮಾತ್ರ ಖಂಡಿತ. ಅವರು ಎಲ್ಲಿ ಕಲಿತವರು ಎಂದು ಕೇಳಿದೆ. ಕಾಲೇಜಿನ ಹೆಸರು ಹೇಳಲಿಲ್ಲ. ತಮಗೆ ಕಲಿಸಿದ ಮೇಷ್ಟ್ರ ಹೆಸರು ಹೇಳಿದರು.

ಮಾವ ಈಗಿಲ್ಲ. ಅವರ ಕೊನೆಯ ವರ್ಷಗಳಲ್ಲಿ ಪರೀಕ್ಷೆಗೆ ಕರೆ ಬರುವುದು ನಿಂತಿತ್ತು. ದಮ್ಮು ಕಟ್ಟುವವರನ್ನು ಅಷ್ಟು ದೂರ ಕರೆಸಬಾರದೆಂದು ಮೇಷ್ಟ್ರೇ ಬೇಡವೆಂದರಂತೆ. ಮಾವನಿಗೆ ಅದು ಬೇಸರದ ಸಂಗತಿಯಾಗಿತ್ತು. ‘ಈಗಿನ ಮಕ್ಕಳಿಗೆ ನನ್ನ ಎದೆ ಬೇಡವಂತೆ’ ಎನ್ನುತ್ತಿದ್ದರು.

ನೀವೋ ನಿಮ್ಮವರೋ ಮಣಿಪಾಲದಲ್ಲೋ ಕಾರ್ಕಳದಲ್ಲೋ ಉಡುಪಿಯಲ್ಲೋ ಮಂಚ ಹಿಡಿದಿದ್ದಾಗ, ಕೊರಳಲ್ಲಿ ಸ್ಟೆತಸ್ಕೋಪು, ಜೇಬಲ್ಲಿ ಟಾರ್ಚು, ಮೊಣಕಾಲಿಗೆ ಬಡಿಯುವ ಸುತ್ತಿಗೆ ಇಟ್ಟುಕೊಂಡ ಹುಡುಗಿಯೊಬ್ಬಳು ಬಂದು ಹರಕು ತುಳುವಿನಲ್ಲಿ ‘ಓಲು ಬೇನೆ?’ ಎಂದು ಕೇಳಬಹುದು. ಸುಸ್ತಾಗಿದ್ದರೆ ಈಗ ಬೇಡ ಎನ್ನಿ. ಹಾಗನ್ನುವ ಹಕ್ಕು ನಿಮಗೆ ಪೂರ್ತಿ ಇದೆ, ಚಿಕಿತ್ಸೆಗೆ ಅದರಿಂದ ತೊಂದರೆ ಆಗಕೂಡದು. ಮಾತಾಡಲು ಆಗುತ್ತದೆ ಅನಿಸಿದರೆ ಹತ್ತು ನಿಮಿಷ ಕೊಡಿ, ಕಥೆ ಮೊದಲಿಂದ ಹೇಳಿ. ಮುಟ್ಟುವ ಮೊದಲು ಅವಳ ಕೈ ಬೆಚ್ಚಗಿದೆಯಾ ಎಂದು ಮಾತ್ರ ಕೇಳಿಬಿಡಿ.